‘ಅವತ್ತು ಹಾಗೆ ಮಾಡಬೇಕಿತ್ತು’: ಹಳೆಯ ಕೊರಗುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಡಿಗ್ರಿ ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ಈಗಲೂ ಜನ ಸಿಕ್ಕಾಗ ಏನಾದರೂ ಕೇಳುತ್ತಾರೆ. ಬೆಳಗಿನ ವಾಕಿಂಗ್‌ನಲ್ಲಿ, ಮದುವೆ ಮನೆಯ ಊಟದ ಸಾಲಿನಲ್ಲಿ, ಕೆಲವರು ಕಾಗದ ಬರೆದು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹಳೆಯ ಕೊರಗಿನ ಪ್ರಶ್ನೆಗಳೇ. ಅವುಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸಲೀಸಾದವು ಮೊದಲು, ತೊಡಕಿನವು ಆಮೇಲೆ.

## ಮೊದಲಿಗೆ

ಪಶ್ಚಾತ್ತಾಪ, ಕೊರಗು, ಬೇಜಾರು ಎಲ್ಲ ಒಂದೇ ತಾನೆ ಸಾರ್?

ಒಂದೇ ಅಲ್ಲ. ಮಳೆ ಬಂದು ಜಾತ್ರೆ ನಿಂತುಹೋದರೆ ಅದು ಬೇಜಾರು. ಅದರಲ್ಲಿ ನಿಮ್ಮ ಕೈವಾಡ ಏನೂ ಇಲ್ಲ. ‘ನಾನು ಬೇರೆ ಥರ ಮಾಡಿದ್ದರೆ ಹೀಗಾಗುತ್ತಿರಲಿಲ್ಲ’ ಅಂತ ಅನ್ನಿಸಿದಾಗ ಅದು ಕೊರಗು. ಇನ್ನೊಬ್ಬರಿಗೆ ಅನ್ಯಾಯ ಮಾಡಿದೆ ಅನ್ನುವ ಭಾರ ಅದಕ್ಕೆ ಸೇರಿದರೆ ಪಶ್ಚಾತ್ತಾಪ. ಈ ಪುಟದಲ್ಲಿ ಹೆಚ್ಚಾಗಿ ಕೊರಗು ಅಂತಲೇ ಬರೆದಿದ್ದೇನೆ, ಪಶ್ಚಾತ್ತಾಪದ ಮಾತು ಬಂದಲ್ಲಿ ಅದನ್ನೇ ಹೇಳಿದ್ದೇನೆ.

ಕೊರಗಿಗೆ ಎರಡು ಚಿತ್ರ ಬೇಕು. ಆದದ್ದು ಒಂದು, ಆಗಬಹುದಾಗಿದ್ದದ್ದು ಇನ್ನೊಂದು. ಎರಡನೆಯದನ್ನು ನಾವು ಕಣ್ಣಾರೆ ಕಂಡಿಲ್ಲ, ಮನಸ್ಸಿನಲ್ಲೇ ಬರೆದುಕೊಂಡದ್ದು. ತೊಡಕು ಶುರುವಾಗುವುದೇ ಅಲ್ಲಿಂದ.

ಮಾಡಿದ ತಪ್ಪಿಗಿಂತ ಮಾಡದೇ ಬಿಟ್ಟದ್ದೇ ಯಾಕೆ ಜಾಸ್ತಿ ಕಾಡುತ್ತೆ?

ಎಲ್ಲ ಕಾಲಕ್ಕೂ ಹಾಗಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೋವಿಚ್ ಮತ್ತು ವಿಕ್ಟೋರಿಯಾ ಮೆಡ್ವೆಕ್ 1994ರಲ್ಲಿ ಇದನ್ನು ಚೆನ್ನಾಗಿ ತೋರಿಸಿದರು. ಹತ್ತಿರದ ದಿನಗಳ ಬಗ್ಗೆ ಕೇಳಿದರೆ ಮಾಡಿದ ಕೆಲಸದ ಕೊರಗೂ ಸಾಕಷ್ಟು ಇರುತ್ತದೆ. ‘ಯಾಕಾದರೂ ಆ ಮಾತಾಡಿದೆನೋ’, ‘ಯಾಕಾದರೂ ಆ ಗಾಡಿ ತಗೊಂಡೆನೋ’ ಅಂತ. ಇಡೀ ಬದುಕನ್ನು ಹಿಂತಿರುಗಿ ನೋಡಿ ಅಂದರೆ ಮಾತ್ರ ಮಾಡದೇ ಬಿಟ್ಟದ್ದೇ ಮೇಲೆ ಬರುತ್ತದೆ. ಓದಲಿಲ್ಲ, ಹೇಳಲಿಲ್ಲ, ಹೋಗಲಿಲ್ಲ.

ಕಾರಣ ಸರಳ. ಆಡಿದ ಮಾತಿಗೆ ಕ್ಷಮೆ ಕೇಳಬಹುದು. ತಗೊಂಡ ಗಾಡಿ ಮಾರಬಹುದು. ‘ಹೋಗಲಿ ಬಿಡು, ಒಂದು ಪಾಠ ಆಯ್ತು’ ಅಂತ ಸಮಾಧಾನ ಮಾಡಿಕೊಳ್ಳಬಹುದು. ಮಾಡಿದ ತಪ್ಪಿಗೆ ಒಂದು ಗಡಿ ಇರುತ್ತದೆ, ಇಷ್ಟು ನಷ್ಟ ಆಯ್ತು ಅಂತ ಲೆಕ್ಕ ಸಿಗುತ್ತದೆ. ಮಾಡದೇ ಬಿಟ್ಟದ್ದಕ್ಕೆ ಲೆಕ್ಕವೇ ಇಲ್ಲ. ಅದು ವರ್ಷ ವರ್ಷ ಬಡ್ಡಿ ಬೆಳೆಸಿಕೊಂಡು ಹೋಗುತ್ತದೆ.

ಎರಡು ಮಾರ್ಕಿನಲ್ಲಿ ಮೆಡಿಕಲ್ ಸೀಟು ಹೋಯ್ತು. ಇಪ್ಪತ್ತು ಮಾರ್ಕು ಕಮ್ಮಿ ಬಂದಿದ್ದರೆ ಇಷ್ಟು ಉರೀತಿರಲಿಲ್ಲ. ಇದು ಹುಚ್ಚಾ?

ಹುಚ್ಚಲ್ಲ. ಡೇನಿಯಲ್ ಕಾನೆಮನ್ ಮತ್ತು ಆಮೋಸ್ ಟ್ವೆರ್ಸ್ಕಿ 1982ರಲ್ಲಿ ಜನರ ಮುಂದೆ ಒಂದು ಚಿಕ್ಕ ಕಥೆ ಇಟ್ಟರು. ಇಬ್ಬರು ಒಂದೇ ಕಾರಿನಲ್ಲಿ ವಿಮಾನ ನಿಲ್ದಾಣಕ್ಕೆ ಹೊರಟು, ಟ್ರಾಫಿಕ್‌ನಲ್ಲಿ ಸಿಕ್ಕಿ ಅರ್ಧ ಗಂಟೆ ತಡವಾಗಿ ತಲುಪುತ್ತಾರೆ. ಒಬ್ಬನ ವಿಮಾನ ಸಮಯಕ್ಕೆ ಸರಿಯಾಗಿ ಹೋಗಿದೆ. ಇನ್ನೊಬ್ಬನದು ತಡವಾಗಿ ಹೊರಟು ಈಗ ಐದು ನಿಮಿಷದ ಹಿಂದಷ್ಟೇ ಹಾರಿದೆ. ಯಾರಿಗೆ ಹೊಟ್ಟೆ ಜಾಸ್ತಿ ಉರಿಯುತ್ತದೆ? ನೂರಕ್ಕೆ 96 ಜನ ಎರಡನೆಯವನಿಗೆ ಅಂದರು. ನಷ್ಟ ಇಬ್ಬರಿಗೂ ಅಷ್ಟೇ. ಆದರೆ ಎರಡನೆಯವನಿಗೆ ‘ಆ ಸಿಗ್ನಲ್ ಒಂದು ಸಿಕ್ಕಿಬಿಟ್ಟಿದ್ದರೆ’ ಅಂತ ಚಿತ್ರ ಬರೆದುಕೊಳ್ಳುವುದು ಸುಲಭ.

1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ವಿಡಿಯೊಗಳನ್ನು ನೋಡಿ ಮಾಡಿದ ಒಂದು ಅಧ್ಯಯನದಲ್ಲೂ ಇದೇ ಕಂಡಿತು. ಬೆಳ್ಳಿ ಗೆದ್ದವರಿಗಿಂತ ಕಂಚು ಗೆದ್ದವರ ಮುಖದಲ್ಲಿ ಖುಷಿ ಜಾಸ್ತಿ ಇತ್ತು. ಬೆಳ್ಳಿಯವರ ಕಣ್ಣು ಚಿನ್ನದ ಮೇಲೆ. ಕಂಚಿನವರು ‘ಸದ್ಯ, ನಾಲ್ಕನೆಯವನಾಗಲಿಲ್ಲ’ ಅಂದುಕೊಳ್ಳುತ್ತಾರೆ.

## ನೆನಪು ಕೊಡುವ ತೀರ್ಪು

ಇದು ಹೀಗೇ ಆಗುತ್ತೆ ಅಂತ ನನಗೆ ಆಗಲೇ ಗೊತ್ತಿತ್ತು ಸಾರ್. ಗೊತ್ತಿದ್ದೂ ಮಾಡಿದೆನಲ್ಲ ಅನ್ನೋದೇ ಸಂಕಟ.

ಈ ಮಾತನ್ನು ನಾನು ಸುಲಭಕ್ಕೆ ನಂಬುವುದಿಲ್ಲ. ಹೇಳುವವರು ಸುಳ್ಳು ಹೇಳುತ್ತಾರೆ ಅಂತಲ್ಲ. ಫಲಿತಾಂಶ ತಿಳಿದ ಮೇಲೆ, ತಿಳಿಯುವ ಮುಂಚಿನ ಮನಸ್ಸು ಹೇಗಿತ್ತು ಅನ್ನುವುದು ನಮಗೆ ಸರಿಯಾಗಿ ಸಿಗುವುದೇ ಇಲ್ಲ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾಕ್ಕೂ ಸೋವಿಯತ್ ಒಕ್ಕೂಟಕ್ಕೂ ಹೋಗಿಬಂದರು. ಹೊರಡುವ ಮುಂಚೆ ಇಸ್ರೇಲಿನ ಸಂಶೋಧಕರು ವಿದ್ಯಾರ್ಥಿಗಳನ್ನು ಕೇಳಿದ್ದರು: ಅಲ್ಲಿ ಏನೇನು ಆಗಬಹುದು, ಎಷ್ಟರ ಮಟ್ಟಿಗೆ? ಪ್ರವಾಸ ಮುಗಿದ ಮೇಲೆ ‘ನೀವು ಆಗ ಎಷ್ಟು ಅಂತ ಹೇಳಿದ್ದಿರಿ?’ ಅಂತ ಮತ್ತೆ ಕೇಳಿದರು. ನಿಜವಾಗಿ ನಡೆದ ಸಂಗತಿಗಳಿಗೆ ತಾವು ಮೊದಲೇ ಜಾಸ್ತಿ ಅಂಕ ಕೊಟ್ಟಿದ್ದೆವು ಅಂತ ಅವರಿಗೆ ನೆನಪಾಗಿತ್ತು. ಕೊಟ್ಟಿರಲಿಲ್ಲ.

ನಮ್ಮ ಮನೆಯದೇ ಒಂದು ಉದಾಹರಣೆ ಇದೆ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಇಂಥ ಒಂದು ಕಥೆ ಇರುತ್ತದೆ: ಬಿಟ್ಟ ಸೈಟಿನ ಕಥೆ. 1986ರಲ್ಲಿ ನಮ್ಮಪ್ಪನಿಗೆ ಬನಶಂಕರಿ ದಾಟಿ ಒಂದು 30-40 ಸೈಟು 36,000 ರೂಪಾಯಿಗೆ ಸಿಗುವುದಿತ್ತು. ತಗೊಳ್ಳಲಿಲ್ಲ. ‘ನಾನು ಬಡ್ಕೊಂಡೆ, ಇವರು ಕೇಳಲಿಲ್ಲ’ ಅಂತ ಅಮ್ಮ ಮೂವತ್ತು ವರ್ಷ ಹೇಳಿದರು. ಅಪ್ಪ ಸುಮ್ಮನೆ ತಲೆ ತಗ್ಗಿಸುತ್ತಿದ್ದರು. ನಾವು ಮಕ್ಕಳು ಕೂಡ ಅಪ್ಪನನ್ನು ವ್ಯವಹಾರ ಗೊತ್ತಿಲ್ಲದ ಮನುಷ್ಯ ಅಂತಲೇ ತೀರ್ಮಾನ ಮಾಡಿದ್ದೆವು.

ಅಪ್ಪ ತೀರಿಕೊಂಡ ಮೇಲೆ ಅಟ್ಟದ ಟ್ರಂಕಿನಲ್ಲಿ ಆ ವರ್ಷದ ಡೈರಿ ಸಿಕ್ಕಿತು. ರಟ್ಟಿಗೆ ಗೆದ್ದಲು ಹತ್ತಿತ್ತು, ಒಳಗಿನ ಹಾಳೆ ಚೆನ್ನಾಗಿಯೇ ಇದ್ದವು. ಒಂದು ಭಾನುವಾರದ ಪುಟ, ನೀಲಿ ಇಂಕಿನಲ್ಲಿ: ‘ಸೈಟು ನೋಡಿ ಬಂದೆವು. ಬಸ್ಸಿಳಿದು ಮುಕ್ಕಾಲು ಗಂಟೆ ನಡಿಗೆ. ನೀರಿಲ್ಲ. ರೆವಿನ್ಯೂ ಸೈಟು, ಕಾಗದ ಪತ್ರ ಸರಿಯಿಲ್ಲ. ಇವಳಿಗೆ ಸುತರಾಂ ಇಷ್ಟವಿಲ್ಲ. ತಂಗಿ ಮದುವೆ ಸಾಲ ಇನ್ನೂ 11,000.’ ಅದರ ಕೆಳಗೆ ಆ ತಿಂಗಳ ಸಂಬಳ: 1,640.

ಆ ಪುಟ ಓದಿದ ಮೇಲೆ ನಾನು ಅಪ್ಪನನ್ನು ಬೇರೆ ಥರ ನೋಡುತ್ತೇನೆ. ಅವತ್ತು ಅವರ ಕೈಯಲ್ಲಿದ್ದದ್ದು ಇಷ್ಟೇ. ಸಾಫ್ಟ್‌ವೇರ್ ಕಂಪನಿ, ರಿಂಗ್ ರೋಡ್, ಮೆಟ್ರೊ ಎಲ್ಲವನ್ನೂ ಅವರ ಜೇಬಿಗೆ ತುರುಕಿ, ‘ಇಷ್ಟೆಲ್ಲ ಇಟ್ಕೊಂಡೂ ಬಿಟ್ಟೆಯಲ್ಲ’ ಅಂತ ಬೈದವರು ನಾವು.

ಹಾಗಾದ್ರೆ ನಮ್ಮ ನೆನಪೆಲ್ಲ ಸುಳ್ಳಾ?

ಸುಳ್ಳಲ್ಲ, ದುರಸ್ತಿ ಮಾಡಿದ್ದು. ಇಂಗ್ಲೆಂಡಿನ ಫ್ರೆಡೆರಿಕ್ ಬಾರ್ಟ್ಲೆಟ್ 1932ರಲ್ಲೇ ಇದನ್ನು ಹೇಳಿದರು. ಅಮೆರಿಕದ ಮೂಲನಿವಾಸಿಗಳ ಒಂದು ಕಥೆಯನ್ನು ಇಂಗ್ಲಿಷರಿಗೆ ಓದಿಸಿ, ಸ್ವಲ್ಪ ಕಾಲ ಬಿಟ್ಟು ಹೇಳಿಸಿದರೆ ಅದರಲ್ಲಿನ ಪುಟ್ಟ ಮರದ ದೋಣಿಗಳು ತಮ್ಮ ಊರಿನ ದೋಣಿಗಳಾಗಿದ್ದವು. ಅರ್ಥವಾಗದ ಭಾಗ ಉದುರಿತ್ತು. ಕಥೆ ಹೇಳುವವರ ಊರಿಗೆ ತಕ್ಕ ಹಾಗೆ ಬಂದು ಕೂತಿತ್ತು. ಕೊರಗನ್ನು ಪ್ರತಿ ಸಲ ನೆನೆಸಿಕೊಂಡಾಗಲೂ ಇವತ್ತಿನ ನೀವು ಅದಕ್ಕೆ ಒಂದು ಕೈ ಸುಣ್ಣ ಹೊಡೆಯುತ್ತೀರಿ.

ಬಿಟ್ಟ ದಾರಿ ಯಾಕೆ ಅಷ್ಟು ಚೆಂದ ಕಾಣುತ್ತೆ?

ಅಲ್ಲಿ ಯಾರೂ ಬಾಳಿಲ್ಲವಲ್ಲ, ಅದಕ್ಕೆ. ನೀವು ಕಟ್ಟಿಕೊಂಡವರು ಗೊರಕೆ ಹೊಡೆಯುತ್ತಾರೆ. ನೀವು ಕಟ್ಟಿಕೊಳ್ಳದೇ ಬಿಟ್ಟವರು ಯಾವತ್ತೂ ಗೊರಕೆ ಹೊಡೆದಿಲ್ಲ. ಹೋಗದ ಅಮೆರಿಕದಲ್ಲಿ ಹಿಮ ಗುಡಿಸುವ ಕೆಲಸ ಇಲ್ಲ, ವೀಸಾದ ಚಿಂತೆ ಇಲ್ಲ, ಅಪ್ಪ ಆಸ್ಪತ್ರೆಯಲ್ಲಿದ್ದಾಗ ಟಿಕೆಟ್ ಸಿಗದೆ ಒದ್ದಾಡುವುದೂ ಇಲ್ಲ. ಸತ್ತ ಎಮ್ಮೆಯ ಹಾಲಿಗೆ ಲೆಕ್ಕ ಕೇಳುವವರು ಯಾರು?

ಬಿಟ್ಟ ದಾರಿಯನ್ನು ನಿಜಕ್ಕೂ ತೂಗಬೇಕೆಂದರೆ ಅದರಲ್ಲಿ ಒಂದು ಮಾಮೂಲಿ ಮಂಗಳವಾರ ಹೇಗಿರುತ್ತಿತ್ತು ಅಂತ ಬರೆದು ನೋಡಿ. ಬೆಳಗ್ಗೆ ಎದ್ದು ರಾತ್ರಿ ಮಲಗುವ ತನಕ. ಅರ್ಧ ಪುಟ ಬರೆಯುವಷ್ಟರಲ್ಲಿ ಅಲ್ಲೂ ಪಾತ್ರೆ ತೊಳೆಯುವುದು ಬಂದೇ ಬರುತ್ತದೆ.

ಒಂದೇ ಒಂದು ತಪ್ಪು. ಅದರಿಂದ ಇಡೀ ಬದುಕೇ ದಂಡ ಅನ್ನಿಸಿಬಿಟ್ಟಿದೆ.

ಇದಕ್ಕೆ ನಾನು ಯಾವಾಗಲೂ ಮಿಲ್ಖಾ ಸಿಂಗ್ ಅವರ ಕಥೆ ಹೇಳುತ್ತೇನೆ. 1960ರ ರೋಮ್ ಒಲಿಂಪಿಕ್ಸ್, 400 ಮೀಟರ್ ಫೈನಲ್. ಮಿಲ್ಖಾ ನಾಲ್ಕನೆಯವರಾದರು. ಕಂಚು ಗೆದ್ದ ದಕ್ಷಿಣ ಆಫ್ರಿಕಾದ ಮಾಲ್ಕಮ್ ಸ್ಪೆನ್ಸ್ 45.5 ಸೆಕೆಂಡು, ಮಿಲ್ಖಾ 45.6. ‘ಅರ್ಧ ದಾರಿಯಲ್ಲಿ ವೇಗ ಜಾಸ್ತಿಯಾಯಿತು ಅಂದುಕೊಂಡು ಸ್ವಲ್ಪ ತಗ್ಗಿಸಿದೆ, ಅಲ್ಲೇ ಕೆಟ್ಟಿತು’ ಅನ್ನುವ ಅರ್ಥದ ಮಾತನ್ನು ಅವರು 2021ರಲ್ಲಿ ತೀರಿಕೊಳ್ಳುವ ತನಕ ಹೇಳುತ್ತಲೇ ಬಂದರು. ದೇಶವೂ ಆ ಓಟವನ್ನು ಸೋಲು ಅಂತಲೇ ನೆನಪಿಟ್ಟುಕೊಂಡಿತು.

ಈಗ ಅದೇ ಓಟವನ್ನು ಇನ್ನೊಂದು ಕಡೆಯಿಂದ ನೋಡಿ. ಆ 45.6 ಸೆಕೆಂಡು ಮಿಲ್ಖಾ ಅವರ ಬದುಕಿನ ಅತಿ ವೇಗದ ಓಟ. ರಾಷ್ಟ್ರೀಯ ದಾಖಲೆಯಾಗಿ ಅದು 1998ರವರೆಗೆ, 38 ವರ್ಷ ನಿಂತಿತು. ಅವತ್ತು ಮುಂದಿದ್ದ ಇಬ್ಬರೂ 44.9ರಲ್ಲಿ ವಿಶ್ವದಾಖಲೆ ಮಾಡಿದರು. 1958ರಲ್ಲಿ ಏಷ್ಯನ್ ಗೇಮ್ಸ್‌ನ ಚಿನ್ನ, ಅದೇ ವರ್ಷ ಕಾರ್ಡಿಫ್‌ನಲ್ಲಿ ಕಾಮನ್‌ವೆಲ್ತ್ ಚಿನ್ನ, 1962ರಲ್ಲಿ ಮತ್ತೆ ಏಷ್ಯನ್ ಚಿನ್ನ. ಎಲ್ಲ ಬಿಟ್ಟು ನೆನಪು ಹೋಗಿ ಕೂತದ್ದು ಸೆಕೆಂಡಿನ ಹತ್ತನೇ ಒಂದು ಪಾಲಿನ ಮೇಲೆ. ಅತಿ ಚೆನ್ನಾಗಿ ಓಡಿದ ದಿನವೇ ಅತಿ ದೊಡ್ಡ ಕೊರಗಿನ ದಿನವಾಯಿತು.

ಅವರ ನೋವು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಪದಕ ಪದಕವೇ. ಆದರೆ ಕೊರಗು ಒಂದು ದಿನವನ್ನು ಹಿಡಿದು ಉಳಿದ ದಿನಗಳ ಮೇಲೆ ಹೇಗೆ ನೆರಳು ಹಾಸುತ್ತದೆ ನೋಡಿ. ‘ಇಡೀ ಬದುಕೇ ದಂಡ’ ಅಂದವರನ್ನು ನಾನು ಕೇಳುವುದು ಇಷ್ಟೇ: ಆ ತಪ್ಪಿನ ಮಾರನೆಯ ವರ್ಷ ನಿಮ್ಮ ಮನೆಯಲ್ಲಿ ಏನೇನಾಯಿತು? ಎಷ್ಟೋ ಜನಕ್ಕೆ ತಟ್ಟನೆ ಉತ್ತರ ಹೊಳೆಯುವುದಿಲ್ಲ. ಆ ವರ್ಷಗಳನ್ನು ಅವರು ಎಣಿಸಿಯೇ ಇಲ್ಲ.

## ಮನೆ, ಓದು, ಸಂಬಂಧ

ಜನ ಎಲ್ಲಕ್ಕಿಂತ ಜಾಸ್ತಿ ಯಾವುದಕ್ಕೆ ಕೊರಗ್ತಾರೆ?

ಅಮೆರಿಕದಲ್ಲಿ ಆ ತನಕ ನಡೆದಿದ್ದ ಸಮೀಕ್ಷೆಗಳನ್ನು ನೀಲ್ ರೋಸ್ ಮತ್ತು ಏಮಿ ಸಮರ್‌ವಿಲ್ 2005ರಲ್ಲಿ ಒಟ್ಟು ಹಾಕಿ ನೋಡಿದಾಗ ಮೊದಲ ಜಾಗದಲ್ಲಿದ್ದದ್ದು ಓದು. ಆಮೇಲೆ ಕೆಲಸ, ಪ್ರೀತಿ, ಮಕ್ಕಳನ್ನು ಬೆಳೆಸಿದ ರೀತಿ. ಅವರು ಕೊಡುವ ಕಾರಣ ನನಗೆ ಇಷ್ಟ: ಎಲ್ಲಿ ಬಾಗಿಲು ಇನ್ನೂ ತೆರೆದೇ ಇದೆಯೋ ಅಲ್ಲೇ ಕೊರಗು ಜಾಸ್ತಿ. ಓದನ್ನು ಯಾವ ವಯಸ್ಸಿನಲ್ಲಾದರೂ ಮುಂದುವರಿಸಬಹುದು ಅನ್ನುವ ದೇಶ ಅದು, ಹಾಗಾಗಿ ಆ ಚುಚ್ಚು ನಿಲ್ಲುವುದಿಲ್ಲ.

ನಮ್ಮಲ್ಲಿ ಎಲ್ಲರ ಬಾಗಿಲೂ ಹಾಗೆ ತೆರೆದಿರಲಿಲ್ಲ. ಪಿಯುಸಿ ಮುಗಿದ ಕೂಡಲೇ ಮದುವೆ ಮಾಡಿ ಕಳಿಸಿದ ಹೆಂಗಸರು ಓದಿನ ಬಗ್ಗೆ ಮಾತಾಡುವಾಗ ಅದು ಕೊರಗಿಗಿಂತ ಸಿಟ್ಟಿನ ಹಾಗೆ ಕೇಳುತ್ತದೆ. ಸರಿಯಾಗಿಯೇ ಇದೆ. ಅದು ಅವರು ಮಾಡಿದ ಆಯ್ಕೆ ಅಲ್ಲವಲ್ಲ.

ಅಪ್ಪ ಅಮ್ಮ ಹೇಳಿದ್ದಕ್ಕೆ ಎಂಜಿನಿಯರಿಂಗ್ ಸೇರಿದೆ. ನನಗೆ ಸಂಗೀತ ಬೇಕಿತ್ತು. ಈಗ ಯಾರನ್ನು ದೂರಲಿ?

ಮೊದಲು ಒಂದನ್ನು ಒಪ್ಪಿಕೊಳ್ಳಿ: ದೂರುವುದರಿಂದ ಕೊರಗು ಹಗುರ ಆಗುತ್ತದೆ. ಅದಕ್ಕೇ ನೆನಪು ಮೆಲ್ಲಗೆ ಆ ಕಡೆ ವಾಲುತ್ತದೆ. ಹತ್ತು ವರ್ಷದ ಹಿಂದೆ ‘ಅಪ್ಪನೂ ಹೇಳಿದರು, ನನಗೂ ಸರಿ ಅನ್ನಿಸಿತು’ ಅಂತಿದ್ದದ್ದು ಈಗ ‘ಅಪ್ಪ ಬಲವಂತ ಮಾಡಿದರು’ ಅಂತ ಆಗಿರಬಹುದು. ನಿಜಕ್ಕೂ ಬಲವಂತವೇ ಇದ್ದಿರಬಹುದು ಕೂಡ. ನಿಮ್ಮ ಜೊತೆ ಓದಿದ ಗೆಳೆಯರನ್ನು ಕೇಳಿ, ಸಿಇಟಿ ಕೌನ್ಸೆಲಿಂಗ್‌ಗೆ ಹೋದ ದಿನ ನೀವು ಹೇಗಿದ್ದಿರಿ ಅಂತ. ಹೊರಗಿನವರ ನೆನಪಿಗೆ ಬೇರೆ ಸುಣ್ಣ ಬಿದ್ದಿರುತ್ತದೆ, ಎರಡನ್ನೂ ಪಕ್ಕಪಕ್ಕ ಇಟ್ಟರೆ ಗೋಡೆ ಸ್ವಲ್ಪ ಕಾಣುತ್ತದೆ.

ಸಂಗೀತದ ಕೊರಗು ಮಾತ್ರ ಬೇಗ ಹೋಗುವುದಿಲ್ಲ ಅಂತ ಕಾಣುತ್ತದೆ. ಶಾಯ್ ಡೇವಿಡೈ ಮತ್ತು ಗಿಲೋವಿಚ್ 2018ರಲ್ಲಿ ಹೇಳಿದ್ದು ಇದನ್ನೇ. ಮಾಡಬೇಕಾದ ಕರ್ತವ್ಯ ಮಾಡಲಿಲ್ಲ ಅನ್ನುವುದಕ್ಕಿಂತ, ಆಗಬೇಕು ಅಂದುಕೊಂಡ ಮನುಷ್ಯ ನಾನು ಆಗಲಿಲ್ಲ ಅನ್ನುವುದು ಬಹಳ ಕಾಲ ಉಳಿಯುತ್ತದೆ. ಕರ್ತವ್ಯ ತಪ್ಪಿದರೆ ಯಾರಾದರೂ ಬೈದು ಸರಿ ಮಾಡಿಸುತ್ತಾರೆ. ಹಾಡಲಿಲ್ಲ ಅಂತ ಬೈಯುವವರು ಯಾರೂ ಇಲ್ಲ.

ಅತ್ತೆ ಹೋಗುವ ಮುಂಚೆ ಅವರ ಹತ್ತಿರ ಮಾತು ಬಿಟ್ಟಿದ್ದೆ. ಈಗ ಯಾರ ಹತ್ತಿರ ಕ್ಷಮೆ ಕೇಳಲಿ?

ಇದಕ್ಕೆ ನನ್ನ ಹತ್ತಿರ ಚೊಕ್ಕ ಉತ್ತರ ಇಲ್ಲ. ಒಂದೇ ಒಂದು ಮಾತು. ಸಾವು ಬಂದ ಮೇಲೆ ಕೊನೆಯ ದಿನಗಳು ಇಡೀ ಸಂಬಂಧದ ಹೆಸರಾಗಿಬಿಡುತ್ತವೆ. ಇಪ್ಪತ್ತೆರಡು ವರ್ಷ ಒಂದೇ ಅಡಿಗೆಮನೆಯಲ್ಲಿ ಇದ್ದವರು ನೀವು, ಮಾತು ಬಿಟ್ಟದ್ದು ಏಳು ತಿಂಗಳು. ನೀವೇ ಬರೆದ ಕಾಗದದಲ್ಲಿ ಮೂರು ಪುಟ ಆ ಏಳು ತಿಂಗಳಿಗೇ ಹೋಗಿದೆ. ಉಳಿದ ವರ್ಷಗಳಿಗೆ ಸಿಕ್ಕಿದ್ದು ಒಂದು ಸಾಲು, ಅವರು ಹಬ್ಬಕ್ಕೆ ಮಾಡುತ್ತಿದ್ದ ಹೂರಣದ ಬಗ್ಗೆ. ಆ ಸಾಲನ್ನು ಬೆಳೆಸಿ ಬರೆಯಿರಿ. ಕ್ಷಮೆ ಕೇಳಬೇಕು ಅನ್ನಿಸಿದರೆ ಅವರ ಮಗಳ ಹತ್ತಿರ ಕೇಳಿ, ಅದು ಸಣ್ಣ ಕೆಲಸವಲ್ಲ.

## ಸ್ವಲ್ಪ ಆಳಕ್ಕೆ

‘ನನಗೆ ಯಾವ ಪಶ್ಚಾತ್ತಾಪವೂ ಇಲ್ಲ’ ಅನ್ನುವವರನ್ನು ನಂಬಬಹುದಾ?

ಸಾಮಾನ್ಯವಾಗಿ ಇಲ್ಲ. ನಿಜಕ್ಕೂ ಕೊರಗು ಹತ್ತದವರು ಇದ್ದಾರೆ, ಆದರೆ ಅವರ ಪಾಡು ಚೆನ್ನಾಗಿರುವುದಿಲ್ಲ. ಕಣ್ಣುಗುಡ್ಡೆಗಳ ಮೇಲ್ಭಾಗದಲ್ಲಿರುವ ಮಿದುಳಿನ ಮುಂಭಾಗಕ್ಕೆ ಪೆಟ್ಟು ಬಿದ್ದವರಿಗೆ ಜೂಜಿನಂಥ ಆಟ ಆಡಿಸಿದ ಒಂದು ಅಧ್ಯಯನ 2004ರಲ್ಲಿ ಬಂತು. ಬೇರೆಯವರಿಗೆ ‘ಅದನ್ನು ಆರಿಸಿದ್ದರೆ ಗೆಲ್ಲುತ್ತಿದ್ದೆ’ ಅಂತ ಕಂಡಾಗ ನೋವಾಗುತ್ತಿತ್ತು, ಮುಂದಿನ ಸಲ ಹುಷಾರಾಗುತ್ತಿದ್ದರು. ಪೆಟ್ಟು ಬಿದ್ದವರಿಗೆ ಆ ನೋವೂ ಇಲ್ಲ, ಆ ಹುಷಾರೂ ಬರಲಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು ಅಂತ ನಾವು ನಗುತ್ತೇವೆ. ಉರಿದ ಒಲೆ ನಾಳೆಯ ಅಡಿಗೆಗಾದರೂ ಆಗುತ್ತದೆ.

ಮುಂದೆ ಕೊರಗಬೇಕಾಗುತ್ತೆ ಅನ್ನೋ ಭಯಕ್ಕೆ ಯಾವ ನಿರ್ಧಾರವನ್ನೂ ಮಾಡೋಕೆ ಆಗ್ತಿಲ್ಲ.

ನೀವು ಅಂದುಕೊಂಡಷ್ಟು ಕೊರಗು ಬಹುಶಃ ಬರುವುದಿಲ್ಲ. ಡೇನಿಯಲ್ ಗಿಲ್ಬರ್ಟ್ ಮತ್ತು ಜೊತೆಗಾರರು ರೈಲು ತಪ್ಪಿಸಿಕೊಂಡವರನ್ನು ನಿಲ್ದಾಣದಲ್ಲೇ ಮಾತಾಡಿಸಿದರು. ಜನ ಊಹಿಸಿದ್ದಕ್ಕಿಂತ ತಪ್ಪಿಸಿಕೊಂಡವರು ತಮ್ಮನ್ನು ಕಮ್ಮಿ ಬೈದುಕೊಳ್ಳುತ್ತಿದ್ದರು. ಆದ ಮೇಲೆ ಮನಸ್ಸು ತನಗೊಂದು ಕಾರಣ ಹುಡುಕಿಕೊಳ್ಳುತ್ತದೆ. ಆಗುವ ಮುಂಚೆ ಆ ಜಾಣತನದ ಮೇಲೆ ನಮಗೆ ನಂಬಿಕೆ ಇರುವುದಿಲ್ಲ.

ಪಶ್ಚಾತ್ತಾಪ ಪಟ್ಟ ಮಾತ್ರಕ್ಕೆ ಹಿಂದಿನದು ಬದಲಾಗುತ್ತಾ?

ಹಿಂದಿನದು ಬದಲಾಗುವುದಿಲ್ಲ, ಅದರ ಮೇಲಿನ ತೀರ್ಪು ಬದಲಾಗುತ್ತದೆ. ಅಶೋಕನೇ ದೊಡ್ಡ ಸಾಕ್ಷಿ. 13ನೆಯ ಬಂಡೆಶಾಸನದಲ್ಲಿ ಅವನು ಕಳಿಂಗದಲ್ಲಿ ಒಂದೂವರೆ ಲಕ್ಷ ಜನರನ್ನು ಸೆರೆ ಒಯ್ದದ್ದು, ಒಂದು ಲಕ್ಷ ಜನ ಹತರಾದದ್ದು, ಅದರ ಎಷ್ಟೋ ಪಟ್ಟು ಜನ ಸತ್ತದ್ದು ಎಲ್ಲ ಹೇಳಿ, ಅದಕ್ಕಾಗಿ ನೊಂದಿದ್ದೇನೆ ಅನ್ನುತ್ತಾನೆ. ಅಷ್ಟು ಜನರ ಸಾವಿಗೆ ಕಾರಣನಾದ ರಾಜನನ್ನು ನಾವು ಇವತ್ತು ಕರುಣೆಯ ದೊರೆ ಅಂತ ಮಕ್ಕಳಿಗೆ ಪಾಠ ಮಾಡುತ್ತೇವೆ. ಆ ತೀರ್ಪಿನ ಬಹುಪಾಲು ನಿಂತಿರುವುದು ಅವನ ಪಶ್ಚಾತ್ತಾಪದ ಮೇಲೆ.

ಆದರೆ ಶಾಸನ ಎಲ್ಲೆಲ್ಲಿ ಇದೆ ಅಂತ ನೋಡಿ. ಗಿರ್ನಾರ್‌ನಲ್ಲಿದೆ, ಈಗಿನ ಪಾಕಿಸ್ತಾನದ ಶಹಬಾಜ್‌ಗಢಿಯಲ್ಲಿದೆ, ಆಂಧ್ರದ ಎರ್ರಗುಡಿಯಲ್ಲಿದೆ. ಪೆಟ್ಟು ತಿಂದ ಕಳಿಂಗದಲ್ಲೇ, ಅಂದರೆ ಧೌಲಿ ಮತ್ತು ಜೌಗಡದಲ್ಲಿ, ಆ ಶಾಸನ ಇಲ್ಲ. ಅಲ್ಲಿ ಅದರ ಬದಲು ಅಧಿಕಾರಿಗಳಿಗೆ ನ್ಯಾಯವಾಗಿ ನಡೆಯಿರಿ ಅನ್ನುವ ಬೇರೆ ಶಾಸನಗಳಿವೆ. ಅದೇ ಶಾಸನಗಳು ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ 1989ರಲ್ಲಿ ಸಿಕ್ಕವು. ಇನ್ನೂ ಒಂದಿದೆ. ನೊಂದಿದ್ದೇನೆ ಅನ್ನುವ ಅದೇ ಶಾಸನದಲ್ಲಿ, ಪಶ್ಚಾತ್ತಾಪ ಪಟ್ಟರೂ ತನಗೆ ಬಲ ಇದೆ ಅಂತ ಕಾಡಿನ ಜನರಿಗೆ ಎಚ್ಚರಿಕೆಯೂ ಇದೆ. ಕಳಿಂಗವನ್ನು ಅವನು ಬಿಟ್ಟುಕೊಡಲಿಲ್ಲ.

ಅವನ ನೋವು ನಾಟಕ ಅಂತ ನನಗೆ ಅನ್ನಿಸುವುದಿಲ್ಲ. ಆದರೆ ಯಾರಾದರೂ ‘ನಾನು ಬಹಳ ಪಶ್ಚಾತ್ತಾಪ ಪಟ್ಟೆ’ ಅಂದಾಗ ನಾನು ಕೇಳಿಕೊಳ್ಳುವುದು ಎರಡು: ಪೆಟ್ಟು ತಿಂದವರ ಎದುರಿಗೆ ಹೇಳಿದರಾ? ತಗೊಂಡದ್ದನ್ನು ವಾಪಸ್ ಕೊಟ್ಟರಾ?

ಸರಿ, ಹಳೆಯದನ್ನು ನ್ಯಾಯವಾಗಿ ತೂಗೋದು ಹೇಗೆ? ಕೆಲಸಕ್ಕೆ ಬರೋ ಹಾಗೆ ಹೇಳಿ.

ಒಂದು ಹಾಳೆ ತಗೊಳ್ಳಿ. ಮೇಲೆ ಆ ತೀರ್ಮಾನ ಮಾಡಿದ ತಾರೀಖು ಬರೆಯಿರಿ, ವರ್ಷವಾದರೂ ಸಾಕು. ಅವತ್ತು ಕೈಯಲ್ಲಿ ಎಷ್ಟು ದುಡ್ಡಿತ್ತು, ಮೈಯಲ್ಲಿ ಎಷ್ಟು ಶಕ್ತಿ ಇತ್ತು, ಯಾರು ಏನು ಹೇಳಿದ್ದರು, ಏನು ಗೊತ್ತಿತ್ತು, ಇಷ್ಟನ್ನೇ ಬರೆಯಿರಿ. ಆ ತಾರೀಖಿನ ನಂತರ ತಿಳಿದದ್ದು ಒಂದು ಸಾಲೂ ಬರಕೂಡದು. ಬಹಳ ಕಷ್ಟ, ಪೆನ್ನು ತಾನಾಗಿ ಮುಂದಕ್ಕೆ ಓಡುತ್ತದೆ. ಹಳೇ ಪಾಸ್‌ಬುಕ್, ಫೋಟೊ, ಕಾಗದ ಇದ್ದರೆ ಹೊರಗೆ ತೆಗೆಯಿರಿ. ಆಮೇಲೆ ಆ ಹಾಳೆಯನ್ನು ಬೇರೆ ಯಾರದೋ ಅಂತ ಓದಿ. ಕೆಲವು ಸಲ ‘ಅಯ್ಯೋ ಪಾಪ, ಇನ್ನೇನು ಮಾಡೋಕಾಗ್ತಿತ್ತು’ ಅನ್ನಿಸುತ್ತದೆ. ಕೆಲವು ಸಲ ‘ಇಲ್ಲ, ಇದು ತಪ್ಪೇ’ ಅಂತ ಖಾತ್ರಿಯಾಗುತ್ತದೆ. ಎರಡೂ ಸರಿ.

ಕೊರಗು ನಿದ್ದೆ, ಊಟ ಕಸಿದುಕೊಂಡು ವಾರಗಟ್ಟಲೆ ಬಿಡದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಹಾಳೆ ಪೆನ್ನು ಸಾಲದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಆ ಡೈರಿ ನಿಮ್ಮ ಅಮ್ಮನಿಗೆ ತೋರಿಸಿದಿರಾ?

ಎಲ್ಲಕ್ಕಿಂತ ಜಾಸ್ತಿ ಜನ ಕೇಳಿದ್ದು ಇದನ್ನೇ. ತೋರಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು, ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ಓದಿದರು. ‘ಅಕ್ಷರ ಅವರದ್ದೇ’ ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇವಳು ಅಂದ್ರೆ ನಾನೇ ಅಂತ ಹೇಗೆ ಹೇಳ್ತೀಯೋ? ಅವತ್ತು ನಿಮ್ಮ ಸೋದರತ್ತೆನೂ ಬಂದಿದ್ಲು’ ಅಂದರು.

ಡೈರಿ ಈಗ ಅಮ್ಮನ ಬೀರುವಿನಲ್ಲಿದೆ, ರೇಷ್ಮೆ ಸೀರೆಗಳ ಕೆಳಗೆ. ಕೇಳಿದರೆ ಕೊಡುವುದಿಲ್ಲ.